‘ಅಂದಾಜು’ ಅಂದರೆ ಬರೀ ಊಹೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಕಡಲಿನ ಬಗ್ಗೆ ಮಲ್ಪೆಯ ಮೀನುಗಾರರಿಗೆ ಗೊತ್ತಿರುವುದು ಹಿರಿಯರಿಂದ ಕಿರಿಯರಿಗೆ ಹೇಗೆ ದಾಟುತ್ತದೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಜ್ಞಾನದ ಸಮಾಜಶಾಸ್ತ್ರ ಅನ್ನುತ್ತಾರಲ್ಲ, ಅದರ ಕೆಲಸ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಲೆ ಸರಿ ಮಾಡುತ್ತಾ ಕೂತವರ ಹತ್ತಿರ ಆಗ ಪುರುಸೊತ್ತಿನಲ್ಲಿ ಮಾತಾಡಬಹುದು.

ಮೊದಲ ದಿನ ಒಬ್ಬ ಹಿರಿಯ ತಾಂಡೇಲರಲ್ಲಿ (ಬೋಟು ನಡೆಸುವ ಮುಖ್ಯಸ್ಥರು), ‘ನಿಮಗೆ ಇಷ್ಟೆಲ್ಲ ಜ್ಞಾನ ಎಲ್ಲಿಂದ ಬಂತು?’ ಎಂದು ಕೇಳಿದೆ. ಸೂಜಿ ಹಿಡಿದ ಕೈ ನಿಂತಿತು. ‘ಜ್ಞಾನ ಎಲ್ಲ ಓದಿದವರಿಗೆ ಮಾರಾಯ್ರೆ, ನಮಗೆ ಎಂತ ಜ್ಞಾನ?’ ಎಂದರು. ಅಲ್ಲಿಗೆ ಮಾತು ಮುಗಿಯಿತು. ಮರುದಿನ, ‘ಬೂತಾಯಿ ಮೀನು ಎಲ್ಲಿ ಉಂಟು ಅಂತ ಹೇಗೆ ಗೊತ್ತಾಗ್ತದೆ?’ ಎಂದೆ. ಅರ್ಧ ಗಂಟೆ ಹೇಳಿದರು. ನೀರಿನ ಬಣ್ಣ ಬದಲಾಗುವುದು, ಹಕ್ಕಿಗಳು ಒಂದೇ ಕಡೆ ಸುತ್ತುವುದು, ಎಲ್ಲ. ಕೊನೆಗೆ ‘ಅದೊಂದು ಅಂದಾಜು’ ಎಂದರು.

ನಾನು ಟಿಪ್ಪಣಿಯ ಬದಿಯಲ್ಲಿ ‘ಊಹೆ’ ಎಂದು ಗುರುತು ಹಾಕಿದೆ. ಅದು ತಪ್ಪು ಎಂದು ಈಗ ಅನ್ನಿಸುತ್ತಿದೆ. ಬೋಟಿನ ಒಬ್ಬ ಹುಡುಗನ ಬಗ್ಗೆ ಅವರೇ, ‘ಅವನಿಗೆ ಇನ್ನೂ ಅಂದಾಜು ಬರ್ಲಿಲ್ಲ, ಎರಡು ವರ್ಷ ಬೇಕು’ ಎಂದಿದ್ದರು. ಊಹೆ ಮಾಡಲು ಎರಡು ವರ್ಷ ಯಾಕೆ ಬೇಕು? ಸಾರಿಗೆ ಅಳತೆ ಇಲ್ಲದೆ ಉಪ್ಪು ಹಾಕುವಾಗ ನಮ್ಮ ಅಮ್ಮ ಹೇಳುವ ಅಂದಾಜೂ ಇದೇ ಅಲ್ವಾ? ಪದದ ಮೂಲ ಪಾರ್ಸಿಯ ‘ಅಂದಾಜಾ’. ಅಲ್ಲಿ ಅದಕ್ಕೆ ಅಳತೆ ಎಂಬ ಅರ್ಥ. ಕಣ್ಣಂದಾಜು ಎನ್ನುವಾಗ ನಾವೂ ಕಣ್ಣಿನಿಂದ ಅಳೆಯುತ್ತೇವೆ, ಸುಮ್ನೆ ಊಹಿಸುವುದಿಲ್ಲ.

ಸಮಾಜ ಯಾವುದನ್ನೆಲ್ಲ ತಿಳಿವಳಿಕೆ ಎಂದು ಒಪ್ಪಿ ನಡೆಯುತ್ತದೋ ಅದನ್ನೆಲ್ಲ ನೋಡಬೇಕು, ಪಂಡಿತರ ವಿಚಾರಗಳನ್ನು ಮಾತ್ರ ಅಲ್ಲ ಎಂದು ಸಮಾಜಶಾಸ್ತ್ರಜ್ಞರಾದ ಬರ್ಜರ್ ಮತ್ತು ಲುಕ್‌ಮನ್ 1966ರಲ್ಲೇ ವಾದಿಸಿದ್ದರು. ನಮಗೆ ಹೇಳಲು ಬರುವುದಕ್ಕಿಂತ ಜಾಸ್ತಿ ಗೊತ್ತಿರುತ್ತದೆ ಎಂಬುದು ತತ್ವಜ್ಞಾನಿ ಮೈಕೆಲ್ ಪೊಲಾನಿಯ ಮಾತು. ಆ ಹೇಳಲು ಬಾರದ ತಿಳಿವಳಿಕೆಗೆ ‘ಅಂದಾಜು’ ಎಂದೇ ಬರೆಯಬಹುದಾ? ‘ಅರಿವು’ ನನಗೆ ಒಗ್ಗುತ್ತಿಲ್ಲ, ಈಗ ಅದು ಜಾಗೃತಿ ಕಾರ್ಯಕ್ರಮದ ಪದವಾಗಿಬಿಟ್ಟಿದೆ.

ಕುಂದಾಪುರ, ಕಾರವಾರದ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲೂ ಅಂದಾಜು ‘ಬರುತ್ತದಾ’, ಇಲ್ಲ ಬರೀ ‘ಮಾಡುತ್ತೀರಾ’?