ವಿಂಡೋಸ್ 11 ಹಾಕಿದ ಮೇಲೆ ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರದ ಬದಲು ಚೌಕ. ಜಾತ್ರೆಯ ಆಮಂತ್ರಣ ಅರ್ಧದಲ್ಲಿ ನಿಂತಿದೆ

ಬದಿಯಡ್ಕ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಜಾತ್ರೆ ಮತ್ತು ನೇಮದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಎಲ್ಲ ಕನ್ನಡದಲ್ಲಿ. ಹಿಂದಿನ ಪುಟ ಕೆಲವೊಮ್ಮೆ ಮಲಯಾಳದಲ್ಲಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತಲ್ಲ, ಹಾಗಾಗಿ ದೊಡ್ಡ ಕಂಪ್ಯೂಟರಿಗೆ 11 ಹಾಕಿಸಿದೆ. ಹಳೆ ಪ್ರಿಂಟರಿಗೋಸ್ಕರ ಅದರಲ್ಲಿ 32-ಬಿಟ್‌ನ ವಿಂಡೋಸ್ ಇತ್ತು. 11 ಬರುವುದು 64-ಬಿಟ್‌ನಲ್ಲಿ ಮಾತ್ರ, ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಲಿಕ್ಕೆ ಆಗುವುದಿಲ್ಲ ಅಂತ ಹೇಳಿ ಎಲ್ಲ ತೆಗೆದು ಹೊಸದಾಗಿ ಹಾಕಿಕೊಟ್ಟರು. ಫೈಲುಗಳ ಕಾಪಿ ಹಾರ್ಡ್ ಡಿಸ್ಕಿನಲ್ಲಿ ಉಂಟು, ಅದು ಸಮಾಧಾನ.

ಈಗಿನ ತೊಂದರೆ: ಕನ್ನಡ ಟೈಪಿಂಗಿನ ನುಡಿ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್ 7 ಎರಡೂ ಇನ್‌ಸ್ಟಾಲ್ ಆಗಿವೆ. ಆದರೆ ಹಳೆ ಫೈಲ್ ತೆರೆದರೆ ಅಕ್ಷರ ಎಲ್ಲ ಹಾಳು. ಹೊಸದಾಗಿ ಟೈಪ್ ಮಾಡಿದರೆ ನೋಟ್‌ಪ್ಯಾಡಿನಲ್ಲಿ ನುಡಿ ಕೀಬೋರ್ಡ್ ಕೆಲಸ ಮಾಡುತ್ತದೆ, ಪೇಜ್‌ಮೇಕರಿನಲ್ಲಿ ಇಂಗ್ಲಿಷೇ ಬರುತ್ತದೆ. ವರ್ಡಿನಲ್ಲಿ ತುಂಗಾ ಫಾಂಟಿನ ಫೈಲುಗಳ ಪುಟ ಸಹ ಹೆಚ್ಚುಕಮ್ಮಿ ಆಗಿದೆ. ಜಾತ್ರೆಯ ಆಮಂತ್ರಣ ಪ್ರೆಸ್ಸಿಗೆ ಕೊಡಬೇಕು. ಎಂತ ಮಾಡುವುದು ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.

ಮಂಜೇಶ್ವರ ಮಾಷ್ಟ್ರು

ಅಕ್ಕ, ಮೊದಲು ಒಂದು ಮಾತು: ಈಗಿನ ಸ್ಥಿತಿಯಲ್ಲಿ ಯಾವ ಹಳೆ ಫೈಲನ್ನೂ ಸೇವ್ ಮಾಡಬೇಡಿ. ತೆರೆದು ನೋಡಿ, ಹಾಗೆಯೇ ಮುಚ್ಚಿ.

ನೀವು ಹೇಳಿದ ಮೂರೂ ಬೇರೆ ಬೇರೆ ತೊಂದರೆಗಳು. ಒಂದೊಂದಾಗಿ ಹೋಗುವ. "ಅಕ್ಷರ ಹಾಳು" ಅಂದರೆ ಹೇಗೆ ಕಾಣುತ್ತದೆ ಅಂತ ಸರಿಯಾಗಿ ಹೇಳಿ. "ಕನ್ನಡ" ಅಂತ ಇದ್ದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಮೇಲೆ ಓರೆಗೀಟು ಇರುವ ಎ, ಪೌಂಡ್ ಚಿಹ್ನೆ ಹೀಗೆ ಕಾಣುತ್ತಿದೆಯಾ? ಹಾಗಿದ್ದರೆ ನುಡಿಯ ಫಾಂಟ್ ಸಿಗುತ್ತಿಲ್ಲ ಅಷ್ಟೆ, ಫಾಂಟ್ ಹಾಕಿದರೆ ಆಯಿತು. ಅಥವಾ ಚೌಕ, ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆಯಾ? ಹಾಗಿದ್ದರೆ ಕಾರಣ ಬೇರೆ.

ಬದಿಯಡ್ಕ ಡಿಟಿಪಿ

ಚೌಕ, ಮಾಷ್ಟ್ರೇ. ಪೂರ್ತಿ ಚೌಕವೂ ಅಲ್ಲ. "ಕನ್ನಡ" ಅಂತ ಇದ್ದಲ್ಲಿ ತಲೆಕಟ್ಟಿಲ್ಲದ ಕ, ತಲೆಕಟ್ಟಿಲ್ಲದ ಡ ಎರಡು ಉಳಿದಿವೆ. ಉಳಿದ ಕಡೆ ಚೌಕ. ಎಲ್ಲ ಫೈಲಿನಲ್ಲಿಯೂ ಇದೇ ರೀತಿ. ಮಲಯಾಳದ ಪುಟದಲ್ಲಿಯೂ ಹೀಗೆಯೇ ಆಗಿದೆ, ಅದು ಎಂಎಲ್-ಟಿಟಿ ಕಾರ್ತಿಕ ಫಾಂಟ್.

ಮಂಜೇಶ್ವರ ಮಾಷ್ಟ್ರು

ಸಂತೋಷ, ಇದು ಸರಿಯಾಗುತ್ತದೆ. ನಿಮ್ಮ ಅಕ್ಷರಗಳು ಫೈಲಿನ ಒಳಗೆ ಭದ್ರವಾಗಿ ಉಂಟು.

ಹಳೆ ನುಡಿ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಹಾಕಿದ್ದು ಕನ್ನಡದ ವೇಷ. ತಲೆಕಟ್ಟಿಲ್ಲದ ಕ ಕೂತಿರುವುದು ದೊಡ್ಡ ಪಿಯ ಜಾಗದಲ್ಲಿ, ತಲೆಕಟ್ಟಿಲ್ಲದ ಡ ಸಣ್ಣ ಕ್ಯೂ ಜಾಗದಲ್ಲಿ. ಅವು ಸಾಮಾನ್ಯ ಇಂಗ್ಲಿಷ್ ಅಕ್ಷರಗಳು, ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಖ್ಯೆಗಳಲ್ಲಿ 128ಕ್ಕಿಂತ ಕೆಳಗಿನ ಸಂಖ್ಯೆಯವು. ಆದರೆ ತಲೆಕಟ್ಟು, ನ, ನ ಒತ್ತು ಇವೆಲ್ಲ 128ರಿಂದ ಮೇಲೆ, ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿವೆ. ನಿಮ್ಮಲ್ಲಿ ಕೆಳಗಿನವು ಉಳಿದು ಮೇಲಿನವು ಮಾತ್ರ ಹೋಗಿವೆ. ಎಂದರೆ ಫಾಂಟ್ ಸರಿ ಉಂಟು, ವಿಂಡೋಸ್ ಆ ಮೇಲಿನ ಸಂಖ್ಯೆಗಳನ್ನು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಇರುವ ಯುನಿಕೋಡನ್ನು ಬರೆಯುವ ರೀತಿ) ಅಂತ ತಿಳಿದು ಓದಲಿಕ್ಕೆ ಹೋಗುತ್ತಿದೆ. ಮಲಯಾಳದ ಎಂಎಲ್-ಟಿಟಿ ಫಾಂಟುಗಳೂ ಇದೇ ಜಾತಿಯವು, ಅದಕ್ಕೆ ಎರಡೂ ಒಟ್ಟಿಗೆ ಹೋದದ್ದು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ತೆರೆಯಿರಿ. ಅಡ್ಮಿನಿಸ್ಟ್ರೇಟಿವ್ ಟ್ಯಾಬಿಗೆ ಹೋಗಿ "ಚೇಂಜ್ ಸಿಸ್ಟಮ್ ಲೊಕೇಲ್" ಒತ್ತಿ. ಅಲ್ಲಿ "ಬೀಟಾ: ಯೂಸ್ ಯುನಿಕೋಡ್ ಯುಟಿಎಫ್-8 ಫಾರ್ ವರ್ಲ್ಡ್‌ವೈಡ್ ಲಾಂಗ್ವೇಜ್ ಸಪೋರ್ಟ್" ಅಂತ ಒಂದು ಚೌಕ ಉಂಟು. ಅದರಲ್ಲಿ ಟಿಕ್ ಇರಬೇಕು ಅಂತ ನನ್ನ ಅಂದಾಜು. ತೆಗೆಯಿರಿ. ಮೇಲಿನ ಲೊಕೇಲ್ ಇಂಗ್ಲಿಷ್ (ಇಂಡಿಯಾ) ಇರಲಿ. ರೀಸ್ಟಾರ್ಟ್ ಮಾಡಿ. ಆಯ್ಕೆಯ ಹೆಸರೇ ಹಾಗೆ ಇರುವಾಗ ಕನ್ನಡ ಬರಲಿ ಅಂತ ಟಿಕ್ ಹಾಕುವುದು ಸಹಜ. ಯುನಿಕೋಡ್ ಕನ್ನಡಕ್ಕೆ ಆ ಟಿಕ್ ಬೇಡವೇ ಬೇಡ, ಅದಿಲ್ಲದೆಯೇ ಚೆನ್ನಾಗಿ ಬರುತ್ತದೆ.

ಬದಿಯಡ್ಕ ಡಿಟಿಪಿ

ಮಾಷ್ಟ್ರೇ, ಟಿಕ್ ಇತ್ತು! ತೆಗೆದು ರೀಸ್ಟಾರ್ಟ್ ಮಾಡಿದೆ, ಹಳೆ ಫೈಲುಗಳೆಲ್ಲ ಮೊದಲಿನ ಹಾಗೆ ಬಂದವು. ಮಲಯಾಳವೂ ಬಂತು. ತುಂಬಾ ಉಪಕಾರ ಆಯಿತು.

ಪೇಜ್‌ಮೇಕರಿನಲ್ಲಿ ಟೈಪ್ ಮಾಡುವಾಗ ಮಾತ್ರ ಇನ್ನೂ ಇಂಗ್ಲಿಷೇ ಬರುತ್ತಿದೆ. ನುಡಿಯ ಕೀಬೋರ್ಡ್ ಆನ್ ಇದೆ, ನೋಟ್‌ಪ್ಯಾಡಿನಲ್ಲಿ ಸರಿ ಉಂಟು.

ಪೆರ್ಲದಿಂದ

ಅಕ್ಕ, ಪೇಜ್‌ಮೇಕರ್ ತೆರೆಯುವಾಗ ಪರದೆ ಸ್ವಲ್ಪ ಕಪ್ಪಾಗಿ "ಯೆಸ್" ಅಥವಾ "ನೋ" ಅಂತ ಕೇಳುತ್ತದಾ? ಕೇಳಿದರೆ ಕಾರಣ ಅದೇ. ನಿಮಗೆ ಹಾಕಿಕೊಟ್ಟವರು ಪೇಜ್‌ಮೇಕರಿಗೆ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಟ್ಟಿದ್ದಾರೆ, ಹಳೆ ಸಾಫ್ಟ್‌ವೇರಿಗೆ ಹಾಗೆ ಕೊಡುವ ವಾಡಿಕೆ ಉಂಟು. ವಿಸ್ಟಾ ಬಂದಾಗಿನಿಂದ ವಿಂಡೋಸಿನಲ್ಲಿ ಒಂದು ನಿಯಮ: ಸಾಮಾನ್ಯ ಅಧಿಕಾರದ ಪ್ರೋಗ್ರಾಂ, ಅಡ್ಮಿನಿಸ್ಟ್ರೇಟರ್ ಅಧಿಕಾರದ ಪ್ರೋಗ್ರಾಮಿನೊಳಗೆ ಕೀಲಿಗಳನ್ನು ಕಳಿಸುವ ಹಾಗಿಲ್ಲ. ನುಡಿಯ ಕೀಬೋರ್ಡ್ ನೀವು ಒತ್ತಿದ ಕೀಲಿಯನ್ನು ನಡುವಿನಲ್ಲಿ ಹಿಡಿದು ಕನ್ನಡ ಮಾಡಿ ಕಳಿಸುವಂಥದ್ದು. ನೋಟ್‌ಪ್ಯಾಡ್ ಅದರ ಸಮಾನ, ಅಲ್ಲಿಗೆ ಹೋಗುತ್ತದೆ. ಪೇಜ್‌ಮೇಕರ್ ಮೇಲಿನ ಅಧಿಕಾರದಲ್ಲಿದೆ, ಅಲ್ಲಿ ತಡೆ.

ಪೇಜ್‌ಮೇಕರಿನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಅಡ್ಮಿನಿಸ್ಟ್ರೇಟರ್ ಟಿಕ್ ತೆಗೆಯಿರಿ. ಆಮೇಲೆ ಅದು ಸೆಟ್ಟಿಂಗ್ ಸೇವ್ ಆಗುವುದಿಲ್ಲ ಅಂತ ತಕರಾರು ಮಾಡಿದರೆ ಅನ್‌ಇನ್‌ಸ್ಟಾಲ್ ಮಾಡಿ, ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕದೆ ಸಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿ ಹಾಕಿ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಮಾಡಿದರೆ ಸಹ ನಡೆಯುತ್ತದೆ, ಆದರೆ ದಿನಾ ಇಡೀ ಅಂಗಡಿ ಕೆಲಸ ಆ ಅಧಿಕಾರದಲ್ಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗಿರಾಕಿಗಳ ಪೆನ್‌ಡ್ರೈವ್ ಎಲ್ಲ ಬರುವ ಜಾಗ.

ಇನ್ನು ಅಪ್‌ಗ್ರೇಡ್ ಮಾಡದೆ ಇದನ್ನು ಓದುತ್ತಿರುವವರಿಗೆ: 64-ಬಿಟ್‌ನ 10ರಿಂದ ನೇರ 11ಕ್ಕೆ ಹೋದರೆ, ಬೇಡವಾದಾಗ 10 ದಿವಸದ ಒಳಗೆ ರಿಕವರಿಯಲ್ಲಿ "ಗೋ ಬ್ಯಾಕ್" ಕೊಟ್ಟು ಹಿಂದೆ ಬರಬಹುದು. ಶುರುವಿನಿಂದ ಹೊಸದಾಗಿ ಹಾಕಿಸಿದರೆ ಆ ದಾರಿ ಇಲ್ಲ.

ಅಕ್ಕಲಕೋಟ ಶಾಲಿ

ನಮಸ್ಕಾರ್ರೀ. ತುಂಗಾದ ತ್ರಾಸು ನಮ್ಮಲ್ಲೂ ಆಗಿತ್ರಿ. ಸೊಲ್ಲಾಪುರ ಜಿಲ್ಲಾದಾಗ ಕನ್ನಡ ಮಾಧ್ಯಮ ಶಾಲಿ ನಮ್ಮದು, ಪ್ರಶ್ನಪತ್ರಿಕಿ ಎಲ್ಲಾ ತುಂಗಾದಾಗ ಮಾಡಿಟ್ಟಿದ್ವಿ. ಹೊಸ ಸಿಸ್ಟಮ್ ಹಾಕಿದ ಮ್ಯಾಲೆ ಎರಡು ಪುಟದ್ದು ಮೂರನೇದಕ್ಕ ಹೊಂಟಿತ್ತು. ತುಂಗಾ ಈಗ ತಾನಾಗೇ ಬರೂದಿಲ್ರಿ, ಅದರ ಬದಲಿ ನಿರ್ಮಲಾ ಯುಐ ಕುಂದರ್ತದ. ಅದರ ಅಳತಿ ಬ್ಯಾರೆ, ಅದಕ್ಕ ಸಾಲು ಸರದಾಡ್ತಾವ. ಸೆಟ್ಟಿಂಗ್ಸ್‌ನಾಗ ಆಪ್ಶನಲ್ ಫೀಚರ್ಸ್ ಅಂತ ಹುಡುಕ್ರಿ, "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸ್ರಿ. ತುಂಗಾ ಬರ್ತದ, ಪುಟ ಮೊದಲಿನಂಗ ಕುಂದರ್ತಾವ. ಇಂಟರ್ನೆಟ್ ಚಾಲೂ ಇರ್ಲಿ, ಅದು ಡೌನ್‌ಲೋಡ್ ಆಗಬೇಕು.

ಬದಿಯಡ್ಕ ಡಿಟಿಪಿ

ಪೆರ್ಲದ ತಮ್ಮ ಹೇಳಿದ್ದು ಸರಿಯಾಗಿಯೇ ಉಂಟು. ಟಿಕ್ ತೆಗೆದ ಕೂಡಲೇ ಪೇಜ್‌ಮೇಕರಿನಲ್ಲಿ ಕನ್ನಡ ಬಂತು. ಅಕ್ಕಲಕೋಟದ ಸರ್, ತುಂಗಾ ಸಹ ಬಂತು, ಧನ್ಯವಾದ.

ಉಳಿದದ್ದು ಎರಡು. ಹಳೆ ಲೇಸರ್ ಪ್ರಿಂಟರಿಗೆ 64-ಬಿಟ್ ಡ್ರೈವರ್ ಇಲ್ಲ. ನನ್ನಲ್ಲಿ ಇನ್ನೊಂದು ಹಳೆ ಕಂಪ್ಯೂಟರ್ ಉಂಟು, ಇಂಟೆಲ್ 6ನೇ ತಲೆಮಾರಿನದು, 11 ತೆಗೆದುಕೊಳ್ಳುವುದಿಲ್ಲ. ಅದನ್ನು ಎಂತ ಮಾಡುವುದು? ಮತ್ತೆ ಹೀಗೆ ಪ್ರತಿ ಸಲ ಹೆದರುವ ಬದಲು ಎಲ್ಲ ಯುನಿಕೋಡ್ ಮಾಡಿಬಿಡುವ ಅಂತ ಯೋಚನೆ. ಹಳೆ ಆಮಂತ್ರಣಗಳನ್ನು ಕನ್ವರ್ಟ್ ಮಾಡಿದರೆ ಸರಿಯಾಗಿ ಬರುತ್ತದಾ?

ಮಂಜೇಶ್ವರ ಮಾಷ್ಟ್ರು

ಪ್ರಿಂಟರಿನದ್ದು ಸುಲಭ. ಆ 6ನೇ ತಲೆಮಾರಿನ ಕಂಪ್ಯೂಟರನ್ನು 32-ಬಿಟ್‌ನ ವಿಂಡೋಸ್ 10ರಲ್ಲಿಯೇ ಬಿಟ್ಟು, ಇಂಟರ್ನೆಟ್ ತೆಗೆದು, ಪ್ರಿಂಟರ್ ಅದಕ್ಕೆ ಜೋಡಿಸಿ. ದೊಡ್ಡದರಲ್ಲಿ ಪಿಡಿಎಫ್ ಮಾಡಿ, ಫಾಂಟ್ ಎಂಬೆಡ್ ಆಗಿದೆಯಾ, ಎಂದರೆ ಫೈಲಿನ ಒಳಗೇ ಸೇರಿದೆಯಾ ನೋಡಿ, ಪೆನ್‌ಡ್ರೈವಿನಲ್ಲಿ ಕೊಂಡುಹೋಗಿ ಪ್ರಿಂಟ್ ತೆಗೆಯಿರಿ. ಇಂಟರ್ನೆಟ್ ಬೇಕೇ ಬೇಕು ಅಂದರೆ ವಿಂಡೋಸ್ 10ರ ವಿಸ್ತರಿಸಿದ ಸೆಕ್ಯೂರಿಟಿ ಅಪ್‌ಡೇಟಿಗೆ ಹೆಸರು ನೋಂದಾಯಿಸಿ, ಮನೆಬಳಕೆಯವರಿಗೆ ಅದು 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸಿನ ಬದಲು ನಮ್ಮ ಕೇರಳದ ಶಾಲೆಗಳಲ್ಲಿ ಇರುವ ಕೈಟ್ ಗ್ನು/ಲಿನಕ್ಸ್ 22.04 ಸಹ ಅಂಥ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಅದು ಉಬುಂಟು 22.04ರ ಮೇಲೆ ಕಟ್ಟಿದ್ದು. ಅದರ ಟೈಪಿಂಗ್ ಸಾಧನ ಐಬಸ್ ಎಂ17ಎನ್‌ನಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತದೆ, ಎಂದರೆ ನಿಮ್ಮ ಬೆರಳಿಗೆ ಅಭ್ಯಾಸ ಇರುವ ನುಡಿಯದ್ದೇ: ಕೆ ಒತ್ತಿದರೆ ಕ, ಎಫ್ ಒತ್ತಿದರೆ ಅರ್ಧಾಕ್ಷರ. ವಿಂಡೋಸಿನೊಟ್ಟಿಗೆ ಬರುವ ಕನ್ನಡ ಫೊನೆಟಿಕ್ ಕೀಬೋರ್ಡ್ ಹಾಗಲ್ಲ, ಅದರಲ್ಲಿ ಉಚ್ಚಾರದಂತೆ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆಯಬೇಕು.

ಕನ್ವರ್ಶನಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನವರಿಗೆ ಇದರಲ್ಲಿ ವಿಶೇಷ ಅಪಾಯ ಉಂಟು. ಹಳೆ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಇರುತ್ತದೆ, ಎಂದರೆ ಅಕ್ಷರದ ನಂತರ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಹಲಂತ, ಆಮೇಲೆ ಮುಂದಿನ ಅಕ್ಷರ. ಕನ್ವರ್ಟರ್ ಆ ಚಿಹ್ನೆಯನ್ನು ಹಿಂದಕ್ಕೆ ತರಬೇಕು. ಒಳ್ಳೆಯ ಕನ್ವರ್ಟರ್ ತರುತ್ತದೆ. ತರದ್ದು "ಕಾರ್ಯಕ್ರಮ"ವನ್ನು "ಕಾಯರ್ಕ್ರಮ" ಮಾಡುತ್ತದೆ. ಇದಾದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ನಮ್ಮ ಊರುಗಳ ಹೆಸರು ನೋಡಿ: ನೀರ್ಚಾಲು, ಪೆರ್ಲ, ವರ್ಕಾಡಿ, ಪೆರ್ಮುದೆ, ಚೆರ್ಕಳ. ಎಲ್ಲದರಲ್ಲಿಯೂ ಅರ್ಕಾವತ್ತು! ವರ್ಕಾಡಿ "ವಕಾರ್ಡಿ" ಆಗುತ್ತದೆ, ನೀರ್ಚಾಲು "ನೀಚಾರ್ಲು" ಆಗುತ್ತದೆ, ಪೆರ್ಲ "ಪೆಲರ್" ಆಗುತ್ತದೆ. ಹೊರಗಿನವರು ಪ್ರೂಫ್ ನೋಡಿದರೆ ಅದೂ ಒಂದು ಊರಿನ ಹೆಸರು ಅಂತಲೇ ಬಿಟ್ಟುಬಿಡುತ್ತಾರೆ. ಆಮಂತ್ರಣದಲ್ಲಿ ಸಾಲುಸಾಲು ಮನೆತನ, ಊರು, ಹೆಸರು. ಒಬ್ಬರ ಮನೆಯ ಹೆಸರು ತಪ್ಪಾಗಿ ಅಚ್ಚಾದರೆ ಅವರಿಗೆ ಎಷ್ಟು ನೋವು ಅಂತ ನಿಮಗೇ ಗೊತ್ತು.

ಹಾಗಾಗಿ ಹೀಗೆ ಮಾಡಿ. ಹಳೆ ಫೈಲಿನಲ್ಲಿ ಎಲ್ಲಿಯಾದರೂ ಒಂದು ಅರ್ಕಾವತ್ತಿನ ಗುರುತನ್ನು ಮಾತ್ರ ಆರಿಸಿ ಕಾಪಿ ಮಾಡಿ, ಫೈಂಡ್‌ನಲ್ಲಿ ಪೇಸ್ಟ್ ಮಾಡಿ. ಅದಕ್ಕೆ ಒಂದೇ ಸಂಕೇತ ಇರುವುದರಿಂದ ಅರ್ಕಾವತ್ತು ಇರುವ ಎಲ್ಲ ಪದಗಳೂ ಒಂದರ ಹಿಂದೆ ಒಂದು ಸಿಗುತ್ತವೆ. ಅವನ್ನು ಕಾಗದದಲ್ಲಿ ಬರೆದುಕೊಳ್ಳಿ. ಕನ್ವರ್ಟ್ ಆದ ಮೇಲೆ ಆ ಪದಗಳನ್ನು ಒಂದೊಂದಾಗಿ ತಾಳೆ ನೋಡಿ. ಎರಡನೆಯದು, "ರ‍್ಯಾಂಕ್" ಥರದ ಪದಗಳು. ಅಲ್ಲಿ ಪೂರ್ತಿ ರ, ಕೆಳಗೆ ಯ ಒತ್ತು ಬರಬೇಕಾದರೆ ನಡುವಿನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಅದು ಬಿಟ್ಟುಹೋದರೆ ಅರ್ಕಾವತ್ತಾಗಿ ಕಾಣುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಪೇಜ್‌ಮೇಕರ್ ಯುನಿಕೋಡ್ ತೆಗೆದುಕೊಳ್ಳುವುದಿಲ್ಲ. ಎಷ್ಟು ಪ್ರಯತ್ನಪಟ್ಟರೂ ಅದರಲ್ಲಿ ಆಗುವುದಿಲ್ಲ. ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ. ದುಡ್ಡು ಕೊಡದೆ ಬೇಕಾದರೆ ಸ್ಕ್ರೈಬಸ್ 1.6 ಉಂಟು, ಕನ್ನಡದ ಒತ್ತು ಸರಿಯಾಗಿ ಕೂರುತ್ತದೆ, ಆಫ್‌ಸೆಟ್‌ಗೆ ಬೇಕಾದ ನಾಲ್ಕು ಬಣ್ಣದ (ಸಿಎಂವೈಕೆ) ಪಿಡಿಎಫ್ ಸಹ ಕೊಡುತ್ತದೆ. ಹಳೆ ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆ ಆಫೀಸಿನ ಡ್ರಾ ತೆರೆಯುತ್ತದೆ. ವಿನ್ಯಾಸ ಪೂರ್ತಿ ಬರದಿದ್ದರೂ ಪಠ್ಯವನ್ನು ಹೊರಗೆ ತೆಗೆಯಲು ಅದು ಸಾಕು.

ಪೆರ್ಲದಿಂದ

ಮಾಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಈ ಜಾತ್ರೆಯ ಕೆಲಸ ಪೇಜ್‌ಮೇಕರಿನಲ್ಲಿಯೇ ಮುಗಿಸಿ ಅಕ್ಕ. ಕೆಲಸ ಕೈಯಲ್ಲಿರುವಾಗ ಬದಲಿಸುವುದು ಬೇಡ. ಹೊಸ ಕೆಲಸಗಳನ್ನು ಯುನಿಕೋಡಿನಲ್ಲಿ ಶುರು ಮಾಡಿ. ಹಳೆಯದರಲ್ಲಿ ಪ್ರತಿ ವರ್ಷ ಪುನಃ ಬರುವಂಥವು, ಜಾತ್ರೆ, ವಾರ್ಷಿಕೋತ್ಸವ, ಭಜನಾ ಮಂದಿರದ್ದು, ಅಷ್ಟನ್ನು ಮಾತ್ರ ಕನ್ವರ್ಟ್ ಮಾಡಿದರೆ ಸಾಕು.

ಬದಿಯಡ್ಕ ಡಿಟಿಪಿ

ಹಾಗೆಯೇ ಮಾಡಿದೆ. ಜಾತ್ರೆಯ ಆಮಂತ್ರಣ ಪೇಜ್‌ಮೇಕರಿನಲ್ಲಿ ಮುಗಿಸಿ ಪ್ರೆಸ್ಸಿಗೆ ಕೊಟ್ಟೆ, ಪ್ರಿಂಟರ್ ಹಳೆ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಭಜನಾ ಮಂದಿರದ ಒಂದು ಫೈಲ್ ಕನ್ವರ್ಟ್ ಮಾಡಿ ಅರ್ಕಾವತ್ತು ಹುಡುಕಿದೆ. ನೀರ್ಚಾಲು ಸರಿ ಬಂದಿತ್ತು, ಆದರೆ "ಅರ್ಚಕರು" ಒಂದು ಕಡೆ ಕೆಟ್ಟಿತ್ತು. ಆ ಪಟ್ಟಿ ಇಲ್ಲದಿದ್ದರೆ ಖಂಡಿತ ಗೊತ್ತಾಗುತ್ತಿರಲಿಲ್ಲ.

ಮಲಯಾಳದ ಪುಟಕ್ಕೆ ಯುನಿಕೋಡ್‌ನಲ್ಲಿ ಯಾವ ಫಾಂಟ್ ಒಳ್ಳೆಯದು ಮಾಷ್ಟ್ರೇ?

ಮಂಜೇಶ್ವರ ಮಾಷ್ಟ್ರು

ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ರಚನಾ, ಮೀರಾ, ಮಂಜರಿ ಮೂರೂ ಉಚಿತ. ಆಮಂತ್ರಣದ ಒಳಪುಟಕ್ಕೆ ರಚನಾ ನೋಡಿ, ಶೀರ್ಷಿಕೆಗೆ ಮಂಜರಿ ಹಾಕಬಹುದು. ಕನ್ವರ್ಟ್ ಮಾಡಿದ ಮೇಲೆ ಅಲ್ಲಿ ಚಿಲ್ಲಕ್ಷರಗಳನ್ನು (ಸ್ವರ ಸೇರದ ಕೆಲವು ವ್ಯಂಜನಗಳಿಗೆ ಮಲಯಾಳದಲ್ಲಿ ಇರುವ ಬೇರೆ ರೂಪ) ನೋಡಿಕೊಳ್ಳಿ. 2008ರ ಯುನಿಕೋಡ್ 5.1ರಲ್ಲಿ ಅವಕ್ಕೆ ಪ್ರತ್ಯೇಕ ಸಂಕೇತ ಬಂತು, ಅದಕ್ಕೆ ಮೊದಲಿನ ರೀತಿಯಲ್ಲಿ ಕನ್ವರ್ಟ್ ಮಾಡುವ ಸಾಧನಗಳೂ ಇರಬಹುದು. ಒಂದೇ ಫೈಲಿನಲ್ಲಿ ಎರಡೂ ರೀತಿ ಸೇರಿದರೆ ಕಣ್ಣಿಗೆ ಒಂದೇ ಕಂಡರೂ ಫೈಂಡ್ ಮಾಡುವಾಗ ಅರ್ಧ ಮಾತ್ರ ಸಿಗುತ್ತದೆ.