ಬಟ್ಟೆ ಡೈಪರಾ, ಬಿಸಾಡುವ ಡೈಪರಾ? ಮೊದಲು ಒಣಗಿಸುವ ಜಾಗ ನೋಡಿಕೊಳ್ಳಿ

ಕೇಳಿದವರು: ವಿಜಯನಗರ, ಮೈಸೂರು

ಎರಡು ತಿಂಗಳ ಮಗಳಿದ್ದಾಳೆ. ಬಾಣಂತನ ಮುಗಿಸಿಕೊಂಡು ಮುಂದಿನ ತಿಂಗಳು ಅಮ್ಮನ ಮನೆಯಿಂದ ಮೈಸೂರಿಗೆ ಬರುತ್ತೇನೆ. ಅಮ್ಮನ ಮನೆಯಲ್ಲಿ ಅಮ್ಮ, ಅಜ್ಜಿ ಇಬ್ಬರೂ ಇರುವುದರಿಂದ ಹಳೇ ಬಟ್ಟೆಯಲ್ಲೇ ನಡೆಯುತ್ತಿದೆ. ಮೈಸೂರಿನಲ್ಲಿ ನಾನು, ನಮ್ಮ ಮನೆಯವರು ಇಬ್ಬರೇ. ಆರು ತಿಂಗಳ ರಜೆ ಮುಗಿದ ಮೇಲೆ ಕೆಲಸಕ್ಕೂ ಹೋಗಬೇಕು. ಬಟ್ಟೆ ಡೈಪರ್ ಕೊಳ್ಳಲಾ, ಬಿಸಾಡುವುದೇ ಸಾಕಾ? ಈಗಲೂ ಬಟ್ಟೆ ಬಳಸುವವರು ಹೇಳಿ. ಒಗೆದು ಒಗೆದು ಸಾಕಾಗಿ ಬಿಟ್ಟವರೂ ಹೇಳಿ.

ಉತ್ತರ: ಕುವೆಂಪುನಗರ, ಮೈಸೂರು

ನನ್ನ ಮಗನಿಗೆ ಈಗ ಎರಡೂವರೆ ವರ್ಷ. ಮೂರನೇ ತಿಂಗಳಿಂದ ಎರಡು ವರ್ಷದವರೆಗೆ ಹಗಲು ಬಟ್ಟೆ ಡೈಪರ್, ರಾತ್ರಿ ಬಿಸಾಡುವುದು, ಹೀಗೆ ನಡೆಸಿದೆವು. ನೀವು ಏನನ್ನಾದರೂ ಕೊಳ್ಳುವ ಮುಂಚೆ ಮಹಡಿ ಮೇಲೆ ಹೋಗಿ ಹಗ್ಗ ಕಟ್ಟಲು ಜಾಗ ಎಲ್ಲಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಗಾಳಿ ಆಡುತ್ತದಾ ನೋಡಿ. ಯಾವ ಕಂಪನಿ, ಯಾವ ಬಣ್ಣ ಅನ್ನುವುದೆಲ್ಲ ಆಮೇಲೆ. ಒಗೆಯುವುದನ್ನು ಮೆಷಿನ್ ಮಾಡುತ್ತದೆ, ಒಣಗಿಸುವುದು ನಮ್ಮ ತಲೆ ಮೇಲೆ ಬೀಳುತ್ತದೆ. ನನ್ನ ಗೆಳತಿಯರಲ್ಲಿ ಬಟ್ಟೆ ಡೈಪರ್ ಬಿಟ್ಟವರೆಲ್ಲ ಬಿಟ್ಟಿದ್ದು ಒಣಗದೇ ಇದ್ದದ್ದಕ್ಕೆ.

ಆಷಾಢದಲ್ಲಿ ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆಷಾಢದ ಗಾಳಿಗೆ ಬಿಸಿಲಿಲ್ಲದಿದ್ದರೂ ಸಂಜೆಯೊಳಗೆ ಒಣಗಿರುತ್ತಿತ್ತು. ನಿಜವಾಗಿ ಕಾಡಿದ್ದು ದಸರಾ ಕಳೆದ ಮೇಲೆ, ದೀಪಾವಳಿ ಆಸುಪಾಸು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಸಾಕು, ನಮಗಿಲ್ಲಿ ಮೂರು ದಿನ ಮೋಡ, ಗಾಳಿ ಇಲ್ಲ, ಪಿರಿಪಿರಿ ಮಳೆ. ಡೈಪರ್ ಒಳಗೆ ಉಚ್ಚೆ ಹೀರಲು ಇಡುವ ಪ್ಯಾಡ್ ಎರಡು ದಿನವಾದರೂ ತೇವ ಹಾಗೇ ಇರುತ್ತಿತ್ತು. ಅರ್ಧ ಒಣಗಿದ್ದನ್ನು ಮಗುವಿಗೆ ಹಾಕಬಾರದು. ವಾಸನೆ ಬರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ.

ಅದಕ್ಕೇ ಯಾವ ಥರದ್ದು ಬೇಗ ಒಣಗುತ್ತದೆ ಎಂದು ನೋಡಿ ಕೊಳ್ಳಿ. ಎಲ್ಲ ಸೇರಿಸಿ ಹೊಲಿದಿರುವ ಡೈಪರ್ ಹಾಕಲು ಸುಲಭ, ಒಣಗಲು ದಿನವಿಡೀ ಬೇಕು. ಪಾಕೆಟ್ ಡೈಪರ್‌ನಲ್ಲಿ ಹೊರಗಡೆ ನೀರು ಸೋರದ ಬಟ್ಟೆ, ಒಳಗೆ ಒಂದು ಚೀಲ, ಅದರೊಳಗೆ ಪ್ಯಾಡ್. ಪ್ಯಾಡ್ ಹೊರಗೆ ತೆಗೆದು ಒಣಗಿಸಬಹುದು. ಮೈಕ್ರೋಫೈಬರ್, ಅಂದರೆ ಸಿಂಥೆಟಿಕ್ ನೂಲಿನ ಪ್ಯಾಡ್ ಬೇಗ ಒಣಗುತ್ತದೆ, ಆದರೆ ಅದನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು, ಚರ್ಮದ ತೇವವನ್ನೂ ಹೀರಿ ಒರಟು ಮಾಡುತ್ತದೆ. ಚೀಲದೊಳಗೇ ಇರಬೇಕು. ಹತ್ತಿ, ಬಿದಿರು ನಾರಿನ ಪ್ಯಾಡ್ ಜಾಸ್ತಿ ಹೀರುತ್ತವೆ, ನಿಧಾನ ಒಣಗುತ್ತವೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಬರೀ ಹೊರಕವಚ ಕೊಂಡು ಒಳಗೆ ಹಳೇ ಪಂಚೆಯ ತುಂಡನ್ನು ಮಡಚಿ ಇಡುವುದು. ನಮ್ಮ ಮಾವನವರ ಹತ್ತಿರ ಮೇಲುಕೋಟೆಯ ಕೈಮಗ್ಗದ ಪಂಚೆಗಳಿದ್ದವು, ಉಟ್ಟು ಉಟ್ಟು ಮೆತ್ತಗಾಗಿದ್ದವು. ಒಂದು ಮೊಳ ಅಗಲಕ್ಕೆ ಕತ್ತರಿಸಿ ಅಂಚು ಹೊಲಿಸಿದೆ. ಮಡಚಿದಾಗ ಎಂಟು ಪದರ, ಬಿಡಿಸಿ ಒಣಗಿ ಹಾಕಿದರೆ ಒಂದೇ ಪದರ. ಆ ದೀಪಾವಳಿ ಮೋಡದಲ್ಲೂ ಫ್ಯಾನ್ ಕೆಳಗೆ ರಾತ್ರಿ ಹಾಕಿದ್ದು ಬೆಳಿಗ್ಗೆಗೆ ಗರಿಗರಿ.

ನಾನು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ಹೊಸ ಹತ್ತಿ ಪ್ಯಾಡನ್ನು ಒಂದೇ ಸಲ ಒಗೆದು ಹಾಕಿದೆ, ಎಲ್ಲ ಸೋರಿತು. ಡೈಪರೇ ಸರಿ ಇಲ್ಲ ಎಂದು ಅಳು ಬಂದಿತ್ತು. ಹೊಸ ಹತ್ತಿಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಐದಾರು ಸಲ ಒಗೆದ ಮೇಲೇ ಚೆನ್ನಾಗಿ ಹೀರಲು ಶುರು. ಆಮೇಲೆ ಬಟ್ಟೆ ಮೆತ್ತಗಿರಲಿ ಎಂದು ಸಾಫ್ಟ್‌ನರ್ ಹಾಕಿದೆ. ಅದು ನಾರಿನ ಮೇಲೆ ಪದರ ಕಟ್ಟಿ ಹೀರದ ಹಾಗೆ ಮಾಡುತ್ತದೆ. ರ‍್ಯಾಶ್ ಕ್ರೀಮ್ ಕೂಡ ಹಾಗೇ. ಕ್ರೀಮ್ ಹಚ್ಚುವ ದಿನ ಒಳಗೆ ತೆಳು ಬಟ್ಟೆಯ ತುಂಡೊಂದು ಹಾಸಿ.

ಏಳನೇ ತಿಂಗಳಲ್ಲಿ ಬೇರೆ ತೊಂದರೆ ಶುರುವಾಯಿತು. ಮಗ ಉಚ್ಚೆ ಹೊಯ್ದ ತಕ್ಷಣ ಕಣ್ಣು ಉರಿಯುವಂಥ ಘಾಟು. ಬೇಸಿಗೆಯಲ್ಲಿ ನಮ್ಮ ಮನೆಗೆ ನಲ್ಲಿ ನೀರು ಸಾಲದೆ ಬೋರ್ ನೀರು ಬಳಸುತ್ತಿದ್ದೆವು. ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕೆಲಸ ಮಾಡುವುದಿಲ್ಲ, ಉಪ್ಪಿನಂಶ ಬಟ್ಟೆಯಲ್ಲೇ ಕೂರುತ್ತದೆ. ಮಗುವಿಗೆ ಸೋಪು ಒಳ್ಳೆಯದಲ್ಲ ಎಂದು ನಾನು ಚಿಟಿಕೆ ಪುಡಿ ಹಾಕುತ್ತಿದ್ದೆ, ಅದೇ ಎಡವಟ್ಟಾಗಿದ್ದು. ಉಳಿದ ಕೊಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಚ್ಚೆಯ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಅದರ ಘಾಟು ಅದು. ಮೊದಲು ತಣ್ಣೀರಿನಲ್ಲಿ ಒಂದು ಸಲ ಜಾಲಿಸಿ, ಆಮೇಲೆ ಬಿಸಿನೀರಿನಲ್ಲಿ ಸಾಕಷ್ಟು ಪುಡಿ ಹಾಕಿ ಉದ್ದದ ವಾಶ್, ಕೊನೆಗೆ ಎರಡು ಸಲ ಜಾಲಿಸುವುದು ಎಂದು ಬದಲಾಯಿಸಿದ ಮೇಲೆ ಹೋಯಿತು. ಪ್ಯಾಡನ್ನು ಕುದಿಸಬಹುದು, ಹೊರಕವಚವನ್ನು ಮಾತ್ರ ಕುದಿಸಬೇಡಿ, ಸೋರಲು ಶುರುವಾಗುತ್ತದೆ.

ದುಡ್ಡಿನ ಲೆಕ್ಕ. ಬಿಸಾಡುವ ಡೈಪರ್ ಒಂದಕ್ಕೆ 10 ರೂಪಾಯಿ ಅಂದುಕೊಳ್ಳಿ. ಹಗಲಿನ ಐದು ಉಳಿದರೆ ತಿಂಗಳಿಗೆ 1,500. ನಾನು ಪ್ಯಾಡ್ ಸೇರಿ 14 ಡೈಪರ್‌ಗೆ ಸುಮಾರು 6,000 ಹಾಕಿದ್ದೆ. ಸೋಪು, ಕರೆಂಟು ಬಿಟ್ಟರೆ ನಾಲ್ಕು ತಿಂಗಳಲ್ಲಿ ಹಾಕಿದ ದುಡ್ಡು ಹುಟ್ಟಿತು. ಈಗ ಅವೇ ಡೈಪರ್ ನನ್ನ ತಂಗಿ ಮಗುವಿಗೆ ಹೋಗಿವೆ. ಪರಿಸರದ ಲೆಕ್ಕವೂ ಇಲ್ಲೇ ಇದೆ. ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. ಮೆಷಿನ್ ತುಂಬ ಹಾಕಿ ಒಗೆದು, ಯಾವಾಗಲೂ ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಬಟ್ಟೆ ಡೈಪರ್‌ನಿಂದ ಭೂಮಿ ಬಿಸಿಯಾಗುವುದಕ್ಕೆ ಆಗುವ ಕೊಡುಗೆ ಅಲ್ಲಿನ ಸಾಮಾನ್ಯ ರೀತಿಯಲ್ಲಿ ಒಗೆದು ಬಳಸುವುದಕ್ಕಿಂತ ಶೇ. 40ರಷ್ಟು ಇಳಿಯುತ್ತದೆ ಎಂದು ಅದರಲ್ಲಿದೆ. ಈ ಮೂರೂ ನಮ್ಮ ಮನೆಗಳಲ್ಲಿ ಸುಮ್ನೆ ನಡೆದುಬರುವ ಪದ್ಧತಿ, ಅಲ್ವಾ?

ಉತ್ತರ: ಮದ್ದೂರು ತಾಲ್ಲೂಕು, ಮಂಡ್ಯ (ಮೊಮ್ಮಗಳ ಕೈಲಿ ಬರೆಸಿದ್ದು)

ನಾನು ನಾಲ್ಕು ಮಕ್ಕಳನ್ನು, ಆರು ಮೊಮ್ಮಕ್ಕಳನ್ನು ಸಾಕಿದ್ದೇನೆ ಕಣವ್ವ. ಎಲ್ಲರಿಗೂ ಲಂಗೋಟಿಯೇ. ಅಂಗಡಿ ಡೈಪರ್ ಬೇಡ ಅನ್ನುವುದಿಲ್ಲ. ನನ್ನ ಸೊಸೆ ಊರಿಗೆ ಬಸ್ಸಿನಲ್ಲಿ ಬರುವಾಗ ಹಾಕುತ್ತಾಳೆ, ಹಾಕಲೇಬೇಕು.

ಮನೆಯಲ್ಲಿರುವಾಗ ಮಗುವಿಗೆ ಯಾವಾಗಲೂ ಏನಾದರೂ ಕಟ್ಟಿರಲೇಬೇಕು ಅಂತಿಲ್ಲ. ದಿನಕ್ಕೆ ಎರಡು ಹೊತ್ತು ಬಿಚ್ಚಿ ಬಿಡು. ರಬ್ಬರ್ ಶೀಟು ಹಾಸಿ, ಮೇಲೆ ಹಳೇ ಸೀರೆ ನಾಲ್ಕು ಮಡಿಕೆ ಹಾಸಿ ಮಲಗಿಸು. ಕಾಲಾಡಿಸಿಕೊಂಡು ಆಡುತ್ತದೆ. ಕುಂಡಿಗೆ ಗಾಳಿ ಆಡಿದರೆ ಕೆಂಪಗಾಗುವುದು ಕಮ್ಮಿ.

ಇನ್ನೊಂದು. ಕತ್ತು ನಿಂತ ಮೇಲೆ, ಬೆಳಿಗ್ಗೆ ಎದ್ದು ಹಾಲು ಕುಡಿದ ಸ್ವಲ್ಪ ಹೊತ್ತಿಗೆ ನಿನ್ನ ಎರಡು ಪಾದದ ಮೇಲೆ ಕೂರಿಸಿಕೋ, ಬೆನ್ನಿಗೆ ಕೈ ಕೊಟ್ಟು. ಶ್ ಶ್ ಎನ್ನು. ಮೊದಲ ವಾರ ಏನೂ ಮಾಡುವುದಿಲ್ಲ. ಬಲವಂತ ಮಾಡಬೇಡ, ಎತ್ತಿಕೋ. ಬರಬರುತ್ತಾ ಅದಕ್ಕೇ ಗೊತ್ತಾಗುತ್ತದೆ. ನನ್ನ ಕಡೇ ಮೊಮ್ಮಗ ಎಂಟು ತಿಂಗಳಿಗೆಲ್ಲ ಬೆಳಗಿನ ಕಕ್ಕವನ್ನು ಕಾಲ ಮೇಲೇ ಮಾಡುತ್ತಿದ್ದ. ಕಕ್ಕದ ಬಟ್ಟೆ ಒಂದು ತಪ್ಪಿದರೆ ಒಗೆಯುವವಳಿಗೆ ಅರ್ಧ ಕೆಲಸ ತಪ್ಪಿದ ಹಾಗೆ. ಹಾಲು ಮಾತ್ರ ಕುಡಿಯುವ ಮಗುವಿನ ಹಳದಿ ಕಲೆ ಒಗೆದರೂ ಹೋಗಲಿಲ್ಲ ಎಂದು ಉಜ್ಜಬೇಡ. ಒದ್ದೆ ಇರುವಾಗಲೇ ಬಿಸಿಲಿಗೆ ಹಾಕು, ಸಂಜೆ ನೋಡಿದರೆ ಕಲೆ ಇರುವುದಿಲ್ಲ.

ಉತ್ತರ: ಮೈಸೂರು, ಅಪಾರ್ಟ್‌ಮೆಂಟಿನಲ್ಲಿರುವ ತಂದೆ

ನಾವು ಬಿಟ್ಟವರು. ಎರಡನೇ ಮಹಡಿ, ಬಾಲ್ಕನಿ ಎದುರು ಗೋಡೆ, ಟೆರೇಸಿನಲ್ಲಿ ಬಟ್ಟೆ ಹಾಕಲು ಅಸೋಸಿಯೇಷನ್ ಬಿಡುವುದಿಲ್ಲ. ಏಳು ವಾರ ಪ್ರಯತ್ನಪಟ್ಟೆವು. ಹೆಂಡತಿಗೆ ನಿದ್ದೆ ಇಲ್ಲ, ಮನೆ ತುಂಬ ಒದ್ದೆ ಬಟ್ಟೆ. ಅವಳ ಆರೋಗ್ಯ ಮುಖ್ಯ ಎಂದು ನಾನೇ ನಿಲ್ಲಿಸೋಣ ಎಂದೆ. ಇಂಥ ಮನೆಯಲ್ಲಿರುವವರು ನಾವು ಕೆಟ್ಟ ತಂದೆತಾಯಿ ಎಂದು ಕೊರಗಬೇಡಿ.

ಆದರೆ ಬಿಸಾಡುವ ರೀತಿಯ ಬಗ್ಗೆ ದಯವಿಟ್ಟು ಗಮನ ಕೊಡಿ. ಒಂದು ಬೆಳಿಗ್ಗೆ ಕಸದ ಗಾಡಿ ಬಂದಾಗ ನಾನು ಕೆಳಗಿದ್ದೆ. ಯಾರೋ ಹಸಿ ಕಸದ ಬಕೆಟ್ಟಿಗೇ ಡೈಪರ್ ಹಾಕಿದ್ದರು. ಪೌರಕಾರ್ಮಿಕರೊಬ್ಬರು, ನನ್ನ ಅಮ್ಮನ ವಯಸ್ಸಿನವರು, ಅದನ್ನು ಕೈಯಲ್ಲಿ ಎತ್ತಿ ಬೇರೆ ಮಾಡಿದರು. ಗ್ಲೌಸ್ ಹರಿದಿತ್ತು. ನನಗೆ ತಲೆ ಎತ್ತಿ ಮಾತಾಡಲು ಆಗಲಿಲ್ಲ. 2016ರ ಸ್ವಚ್ಛತಾ ಸಮೀಕ್ಷೆಯಲ್ಲಿ 73 ನಗರಗಳ ಪೈಕಿ ನಮ್ಮ ಮೈಸೂರು ಮೊದಲು ಬಂತು ಎಂದು ಹೆಮ್ಮೆಪಡುತ್ತೇವೆ. ಅದರ ಹಿಂದೆ ಇರುವುದು ಇವರ ಕೈ.

ಡೈಪರ್ ಎಂದರೆ ಮರದ ತಿರುಳು, ಉಚ್ಚೆ ಹೀರಿ ಜೆಲ್ ಆಗುವ ಪಾಲಿಮರ್, ಪ್ಲಾಸ್ಟಿಕ್ ಹಾಳೆ, ಎಲ್ಲ ಅಂಟಿಸಿದ್ದು. ಗೊಬ್ಬರ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಡೈಪರನ್ನು ಸುತ್ತಿ ಕೊಡಬೇಕು ಎಂದು ಹೇಳಿದ್ದರು, ಸುತ್ತುವ ಚೀಲವನ್ನು ತಯಾರಕರೇ ಕೊಡಬೇಕು ಎಂದೂ ಇತ್ತು. ನಾವು ಕಕ್ಕವನ್ನು ಟಾಯ್ಲೆಟ್ಟಿಗೆ ಬೀಳಿಸಿ, ಡೈಪರ್ ಸುರುಳಿ ಸುತ್ತಿ, ಅದರ ಪಟ್ಟಿಯಿಂದಲೇ ಅಂಟಿಸಿ, ನ್ಯೂಸ್ ಪೇಪರಿನಲ್ಲಿ ಕಟ್ಟಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುತ್ತೇವೆ. ಕಮೋಡಿಗೆ ಹಾಕಿ ಫ್ಲಶ್ ಮಾತ್ರ ಮಾಡಬೇಡಿ. ಅದು ಉಬ್ಬಿ ಪೈಪ್ ಕಟ್ಟುತ್ತದೆ, ಬಿಡಿಸಲು ಇಳಿಯುವವರೂ ಮನುಷ್ಯರೇ.

ಉತ್ತರ: ಮಂಡ್ಯ, ಮಕ್ಕಳ ವಾರ್ಡಿನಲ್ಲಿ ನರ್ಸ್

ಸ್ವಲ್ಪವೇ ಹೇಳುತ್ತೇನೆ. ಬಟ್ಟೆ ಹಾಕಿದರೆ ರ‍್ಯಾಶ್ ಬರುವುದೇ ಇಲ್ಲ ಎನ್ನುವುದು ಸರಿಯಲ್ಲ. ಒದ್ದೆಯಲ್ಲಿ ಬಿಟ್ಟರೆ ಯಾವುದರಲ್ಲೂ ಬರುತ್ತದೆ. ಬಟ್ಟೆಯದ್ದನ್ನು ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ, ಕಕ್ಕ ಮಾಡಿದರೆ ತಕ್ಷಣ. ತೊಡೆಸಂದಿಯ ಮಡಿಕೆಯೊಳಗೂ ಕಡುಕೆಂಪಾಗಿ, ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಫಂಗಸ್ ಇರಬಹುದು. ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಪೌಡರ್ ಉದುರಿಸಬೇಡಿ, ಮಗುವಿನ ಉಸಿರಿಗೆ ಹೋಗುತ್ತದೆ. ಲಂಗೋಟಿ ಕಟ್ಟಿದರೂ, ಬಟ್ಟೆ ಸುತ್ತಿದರೂ ಕಾಲನ್ನು ನೇರ ಎಳೆದು ಬಿಗಿಯಬೇಡಿ. ಕಪ್ಪೆಯ ಹಾಗೆ ಮಡಚಿ ಅಗಲವಾಗಿರಬೇಕು, ಸೊಂಟದ ಕೀಲಿಗೆ ಅದೇ ಒಳ್ಳೆಯದು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ಹೇಳಿದ್ದನ್ನು ನಮ್ಮಜ್ಜಿಗೆ ಓದಿ ಹೇಳಿದೆ, ಮತ್ತೆ ಮತ್ತೆ ಓದಿಸಿಕೊಂಡರು. ನಮ್ಮದು ಬಾಡಿಗೆ ಮನೆ, ಮಹಡಿ ಇದೆ, ಮಧ್ಯಾಹ್ನದವರೆಗೆ ಬಿಸಿಲಿದೆ. ಕೆಲಸಕ್ಕೆ ಹೋದಾಗ ಮಗು ಡೇಕೇರಿನಲ್ಲಿರುತ್ತಾಳೆ. ಅವರು ಬಟ್ಟೆಯದ್ದನ್ನು ಒಪ್ಪುತ್ತಾರಾ?

ಉತ್ತರ: ಕುವೆಂಪುನಗರ

ನಮ್ಮ ಡೇಕೇರಿನವರು ಮೊದಲು ಆಗಲ್ಲ ಎಂದರು. ಪ್ಯಾಡ್ ಹಾಕಿ ರೆಡಿ ಮಾಡಿದ ಪಾಕೆಟ್ ಡೈಪರ್ ನಾಲ್ಕು, ಜಿಪ್ ಇರುವ ವಾಟರ್‌ಪ್ರೂಫ್ ಚೀಲ ಒಂದು ತೆಗೆದುಕೊಂಡು ಹೋಗಿ ಅಲ್ಲಿನ ಆಂಟಿಗೆ ಒಂದು ಸಲ ಹಾಕಿ ತೋರಿಸಿದೆ. ತೊಳೆಯುವುದು ನಿಮ್ಮ ಕೆಲಸವಲ್ಲ, ಬಿಚ್ಚಿ ಚೀಲಕ್ಕೆ ಹಾಕಿಬಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಆಮೇಲೆ ಒಪ್ಪಿದರು. ಒಪ್ಪದಿದ್ದರೆ ಅಲ್ಲಿ ಬಿಸಾಡುವುದೇ ಇರಲಿ, ಮನೆಯಲ್ಲಿ ಬಟ್ಟೆ ಇರಲಿ.

ಈಗಲೇ ಹದಿನಾಲ್ಕು ಕೊಳ್ಳಬೇಡಿ. ಬೇರೆ ಬೇರೆ ಥರದ್ದು ಮೂರು ಕೊಂಡು, ಅಜ್ಜಿಯ ಹತ್ತಿರ ಹಳೇ ಪಂಚೆ ಇದ್ದರೆ ತೆಗೆದುಕೊಂಡು ಬನ್ನಿ. ಹೊರಕವಚವನ್ನು ಎಲಾಸ್ಟಿಕ್ ಹಿಡಿದು ನೇತುಹಾಕಬೇಡಿ, ಒದ್ದೆ ಭಾರಕ್ಕೆ ಜೋತುಬೀಳುತ್ತದೆ. ಹಗ್ಗದ ಮೇಲೆ ಅಡ್ಡ ಹಾಕಿ, ನೆರಳಿನ ಕಡೆ. ಬಿಸಿಲಿನ ಜಾಗವನ್ನು ಪ್ಯಾಡಿಗೆ ಬಿಡಿ.