ಜ್ವರ ಬಿಟ್ಟು ನಾಲ್ಕು ತಿಂಗಳಾಯಿತು, ತಲೆಯಲ್ಲಿ ಅಂಕಿ ನಿಲ್ಲುತ್ತಿಲ್ಲ

ಗಂಗಾವತಿ ಗುಮಾಸ್ತ:
22 ವರ್ಷದಿಂದ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. 75 ಕೆಜಿ ಭತ್ತದ ಚೀಲ, ಲಾರಿಗೆ ಎಷ್ಟು, ದುಡ್ಡು ಎಷ್ಟು, ಎಲ್ಲ ಬಾಯಲ್ಲೇ ಹೇಳುತ್ತಿದ್ದೆ. ನಾಲ್ಕು ತಿಂಗಳ ಹಿಂದೆ ಕೋವಿಡ್ ಬಂತು. ಐದು ದಿನ ಜ್ವರ, ಮನೆಯಲ್ಲೇ ವಾಸಿಯಾಯಿತು. ಆಮೇಲೆ ಶುರುವಾಯಿತು ಇದು. ತೂಕದ ಚೀಟಿ ನೋಡಿ ಲೆಡ್ಜರ್ ಕಡೆ ತಿರುಗುವಷ್ಟರಲ್ಲಿ ಅಂಕಿ ಹೋಗಿರುತ್ತದೆ. ಇಬ್ಬರು ಹಮಾಲರು ಒಟ್ಟಿಗೆ ಮಾತಾಡಿದರೆ ಒಬ್ಬರದೂ ತಲೆಗೆ ಹತ್ತುವುದಿಲ್ಲ. ಹೋದ ವಾರ ಒಬ್ಬ ರೈತರಿಗೆ 40 ಚೀಲದ ದುಡ್ಡು ಕಡಿಮೆ ಬರೆದಿದ್ದೆ. ಅವರೇ ಮೆಲ್ಲಗೆ "ಇನ್ನೊಮ್ಮೆ ನೋಡ್ರಿ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಸ್ಕ್ಯಾನ್ ಸರಿ ಇದೆ, ಟೆನ್ಷನ್ ಬಿಡಿ ಅಂದರು. ಇದನ್ನು ಅಳೆಯುವ ಪರೀಕ್ಷೆ ಏನಾದರೂ ಇದೆಯಾ?

ರಾಯಚೂರು ಸಿಸ್ಟರ್:
ಇದೆ ಅಣ್ಣಾ. ನಾನು ಸ್ಟಾಫ್ ನರ್ಸ್, ನೋಡಿ ಹೇಳುತ್ತಿದ್ದೇನೆ. ಮೋಕಾ (MoCA) ಅಂತ, ನೆನಪು, ಗಮನ ನೋಡುವ ಪರೀಕ್ಷೆ, 30 ಅಂಕದ್ದು. ಹತ್ತು ನಿಮಿಷ ಸಾಕು, ಕನ್ನಡದಲ್ಲೂ ಇದೆ. ಗಡಿಯಾರ ಬರೆಸುತ್ತಾರೆ. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. 100ರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತಾರೆ. 26 ಅಥವಾ ಜಾಸ್ತಿ ಬಂದರೆ ಸಾಮಾನ್ಯವಾಗಿ ಸರಿ ಅಂತ ಹಿಡಿಯುತ್ತಾರೆ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಒಂದು ಹೆದರಿಕೆ. ಇಷ್ಟು ವರ್ಷ ಕೂಡಿ ಕಳೆದವರಿಗೆ ಏಳು ಕಳೆಯುವುದು ದೊಡ್ಡದಲ್ಲ, ಅಲ್ವಾ? ಅಂಕ ಚೆನ್ನಾಗಿ ಬಂದು "ಏನೂ ಇಲ್ಲ" ಅಂದುಬಿಟ್ಟಾರು. ಇದು ಮೊದಲ ಸೋಸುವಿಕೆ ಅಷ್ಟೇ, ಕೊನೆಯ ಮಾತಲ್ಲ. ಜ್ವರಕ್ಕೆ ಮುಂಚಿನ ಲೆಡ್ಜರ್ ಪುಟ ಒಂದು, ಈಗಿನದು ಒಂದು ಒಯ್ಯಿರಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಅವರು ಕಂಡಿದ್ದನ್ನು ಹೇಳಲಿ. ಮೊಬೈಲಿನಲ್ಲಿ ಹುಡುಕಿ ಅಭ್ಯಾಸ ಮಾತ್ರ ಮಾಡಬೇಡಿ. ಆ ಅಂಕಕ್ಕೆ ಅರ್ಥ ಇರುವುದಿಲ್ಲ.

ಬಳ್ಳಾರಿ ಜೀನ್ಸ್ ಕಟಿಂಗ್:
ಬಿ12, ಥೈರಾಯ್ಡ್ ರಕ್ತ ಪರೀಕ್ಷೆಯನ್ನೂ ಕೇಳಿ ಸರ್. ನನಗೂ ಹೀಗೇ ಆಗಿತ್ತು, ಅಳತೆ ತಪ್ಪಿ ಒಂದು ಥಾನ್ ಬಟ್ಟೆ ಹಾಳಾಯಿತು. ಬಿ12 ಬಹಳ ಕಡಿಮೆ ಇತ್ತು. ನಿದ್ದೆ ಹೇಗಿದೆ ಅಂತಾನೂ ಹೇಳಿ, ಮುಚ್ಚಿಡಬೇಡಿ. ಅಲ್ಲಿಯವರೆಗೆ ಕಷ್ಟದ ಲೆಕ್ಕ ಬೆಳಿಗ್ಗೆಯೇ ಮುಗಿಸಿ.

ಗಂಗಾವತಿ ಗುಮಾಸ್ತ:
ಸಿಸ್ಟರ್, ತಮ್ಮಾ, ಇಬ್ಬರಿಗೂ ನಮಸ್ಕಾರ. ಸೋಮವಾರ ಹೆಂಡತಿ ಜೊತೆ ಹೋಗುತ್ತೇನೆ. ಲೆಡ್ಜರ್ ಪುಟ ತರಬೇಕಾದರೆ ಮಾಲೀಕರನ್ನು ಕೇಳಬೇಕು. ಅವರಿಗೆ ಇನ್ನೂ ಏನೂ ಹೇಳಿಲ್ಲ. ನಾಳೆ ಹೇಳುತ್ತೇನೆ.